ಭಾರದ ಪರಮಾಣು ಸೇರಿದಾಗ ಬೆಳಕು ಎಲ್ಲಿಗೆ ಹೋಗುತ್ತದೆ? ಮಾಡಿ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಧಾರವಾಡದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪ್ರಾಕ್ಟಿಕಲ್ ಹೇಳಿಕೊಡುವ ನಾನು ಪ್ರತಿ ವರ್ಷ ರೆಕಾರ್ಡ್ ಬುಕ್ಕಿನಲ್ಲಿ ಒಂದೇ ಸಾಲು ಓದುತ್ತೇನೆ: "ಅಯೋಡೈಡ್ ಹಾಕಿದಾಗ ಫ್ಲೋರೆಸೆನ್ಸ್ ಕಡಿಮೆಯಾಯಿತು, ಆದ್ದರಿಂದ ಇದು ಹೆವಿ ಆಟಮ್ ಎಫೆಕ್ಟ್." ಫ್ಲೋರೆಸೆನ್ಸ್ ಎಂದರೆ ಬೆಳಕು ನುಂಗಿದ ಅಣು ಕೂಡಲೇ ಮರಳಿ ಬಿಡುವ ಬೆಳಕು. ಹೆವಿ ಆಟಮ್ ಎಫೆಕ್ಟ್ ಎಂದರೆ ಅಯೋಡಿನ್‌ನಂಥ ಭಾರದ ಪರಮಾಣು ಅದರ ದಾರಿ ಬದಲಿಸುವುದು. ಆ ಸಾಲಿನ 'ಆದ್ದರಿಂದ' ನನ್ನನ್ನು ಕಾಡುತ್ತದೆ. ಬೆಳಕು ಕಡಿಮೆಯಾಗಲು ಹತ್ತು ಕಾರಣ ಇರಬಹುದು. ಭಾರದ ಪರಮಾಣುವೇ ಕಾರಣ ಎನ್ನಬೇಕಾದರೆ, ಕಳೆದುಹೋದ ಬೆಳಕು ಟ್ರಿಪ್ಲೆಟ್ ಎಂಬ, ನಿಧಾನಕ್ಕೆ ಇಳಿಯುವ ಸ್ಥಿತಿಗೆ ಹೋಗಿದೆ ಎಂದು ತೋರಿಸಬೇಕು. ಅದನ್ನು ಹುಡುಕಿ ಹಿಡಿಯುವುದು ಹೇಗೆ ಎಂಬುದೇ ಈ ಬರಹ.

ಇದಕ್ಕೆ ಬೇಕಾದ ಸಾಮಾನಿನಲ್ಲಿ ಮುಕ್ಕಾಲು ಪಾಲು ಹುಬ್ಬಳ್ಳಿ, ಗದಗ, ಹಾವೇರಿಯ ಯಾವ ಡಿಗ್ರಿ ಕಾಲೇಜಿನಲ್ಲೂ ಸಿಗುತ್ತದೆ. ಫ್ಲೋರೆಸೆನ್ಸ್ ಅಳೆಯುವ ಫ್ಲೋರಿಮೀಟರ್ ಇಲ್ಲದಿದ್ದರೂ ಅರ್ಧ ಪ್ರಯೋಗ ಕಣ್ಣಲ್ಲೇ ಆಗುತ್ತದೆ.

ಮೊದಲು ಒಳಗೇನಾಗುತ್ತದೆ ಎಂದು ತಿಳಿಯೋಣ

ಒಂದು ಬಿಟ್ಟು ಒಂದು ಡಬಲ್ ಬಾಂಡ್ ಇರುವ ಸಾವಯವ ಅಣುಗಳಲ್ಲಿ ಪೈ ಎಲೆಕ್ಟ್ರಾನ್‌ಗಳು ಇಡೀ ಅಣುವಿನ ಮೇಲೆ ಹರಡಿಕೊಂಡಿರುತ್ತವೆ. ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರುತ್ತದೆ. ಏರಿದ ಎಲೆಕ್ಟ್ರಾನಿನ ಸ್ಪಿನ್ (ಪುಟ್ಟ ಕಾಂತದಂಥ ಅದರ ಸಹಜ ಗುಣ) ಕೆಳಗೆ ಉಳಿದ ಜೊತೆಗಾರನ ಸ್ಪಿನ್‌ಗೆ ವಿರುದ್ಧವಾಗಿಯೇ ಇದ್ದರೆ ಅದು ಸಿಂಗ್ಲೆಟ್. ಎರಡೂ ಒಂದೇ ಕಡೆಗಿದ್ದರೆ ಟ್ರಿಪ್ಲೆಟ್. ಸಿಂಗ್ಲೆಟ್‌ನಿಂದ ಕೆಳಗಿಳಿಯಲು ಅಡ್ಡಿಯಿಲ್ಲ. ಕೆಲವು ನ್ಯಾನೋಸೆಕೆಂಡಿನಲ್ಲಿ ಬೆಳಕು ಹೊರಬರುತ್ತದೆ, ಅದೇ ಫ್ಲೋರೆಸೆನ್ಸ್. ಟ್ರಿಪ್ಲೆಟ್‌ನಿಂದ ಇಳಿಯಬೇಕಾದರೆ ಸ್ಪಿನ್ ತಿರುಗಬೇಕು. ಅದು ಸುಲಭವಲ್ಲ. ಹಾಗಾಗಿ ಮಿಲಿಸೆಕೆಂಡು, ಕೆಲವೊಮ್ಮೆ ಸೆಕೆಂಡುಗಟ್ಟಲೆ ಕಾಯುತ್ತದೆ. ಆಮೇಲೆ ಬರುವ ಬೆಳಕು ಫಾಸ್ಫೊರೆಸೆನ್ಸ್.

ರೈಲಿನ ಊರಾದ ಹುಬ್ಬಳ್ಳಿಯವರಿಗೆ ಇದನ್ನು ಹೀಗೆ ಹೇಳುತ್ತೇನೆ. ಸಿಂಗ್ಲೆಟ್ ಒಂದು ಹಳಿ, ಟ್ರಿಪ್ಲೆಟ್ ಇನ್ನೊಂದು ಹಳಿ. ನಡುವೆ ಹಳಿ ಬದಲಿಸುವ ಪಾಯಿಂಟ್ಸ್ ಇದೆ. ಬರೀ ಕಾರ್ಬನ್, ಹೈಡ್ರೋಜನ್ ಇರುವ ಅಣುವಿನಲ್ಲಿ ಅದು ತುಕ್ಕು ಹಿಡಿದಂತೆ ಬಿಗಿ. ಭಾರದ ಪರಮಾಣು ಬಂದರೆ ಸಲೀಸು. ಒಂದು ಮಾತು ಮರೆಯಬೇಡಿ: ಸಲೀಸಾಗುವುದು ಒಳಗೆ ಹೋಗುವ ಪಾಯಿಂಟ್ಸ್ ಮಾತ್ರ ಅಲ್ಲ. ಟ್ರಿಪ್ಲೆಟ್ ಹಳಿಯಿಂದ ಕೆಳಗಿನ ನಿಲ್ದಾಣಕ್ಕೆ ಇಳಿಯುವ ಪಾಯಿಂಟ್ಸ್ ಕೂಡ ಸಲೀಸಾಗುತ್ತದೆ. ಆದ್ದರಿಂದ ಎರಡು ಗುರುತು ಒಟ್ಟಿಗೆ ಸಿಗಬೇಕು. ಟ್ರಿಪ್ಲೆಟ್‌ಗಳ ಸಂಖ್ಯೆ ಹೆಚ್ಚಬೇಕು, ಅವುಗಳ ಆಯುಸ್ಸು ಕಡಿಮೆಯಾಗಬೇಕು.

ಭಾರಕ್ಕೂ ಸ್ಪಿನ್‌ಗೂ ಏನು ಸಂಬಂಧ? ದೊಡ್ಡ ನ್ಯೂಕ್ಲಿಯಸ್ ಹತ್ತಿರ ಎಲೆಕ್ಟ್ರಾನ್ ಬಹಳ ಜೋರಾಗಿ ಓಡುತ್ತದೆ. ಎಲೆಕ್ಟ್ರಾನಿನ ಕಡೆಯಿಂದ ನೋಡಿದರೆ ಆ ಧನ ವಿದ್ಯುದಂಶವೇ ತನ್ನ ಸುತ್ತ ತಿರುಗುತ್ತಿದೆ. ತಿರುಗುವ ವಿದ್ಯುದಂಶ ಎಂದರೆ ಕಾಂತಕ್ಷೇತ್ರ, ಅದು ಸ್ಪಿನ್ನನ್ನು ಎಳೆದು ತಿರುಗಿಸುತ್ತದೆ. ಇದಕ್ಕೆ ಸ್ಪಿನ್-ಆರ್ಬಿಟ್ ಕಪ್ಲಿಂಗ್ ಎಂದು ಹೆಸರು. ಸೆಂಟಿಮೀಟರ್ ವಿಲೋಮ ಮಾನದಲ್ಲಿ ಇದರ ಬಲ ಕಾರ್ಬನ್‌ಗೆ ಸುಮಾರು 30, ಕ್ಲೋರಿನ್‌ಗೆ 590, ಬ್ರೋಮಿನ್‌ಗೆ 2,460, ಅಯೋಡಿನ್‌ಗೆ 5,070. ಲೋಹಗಳಲ್ಲಿ ಇರಿಡಿಯಮ್ ಸುಮಾರು 3,900, ಪ್ಲಾಟಿನಮ್ 4,480. ಅಯೋಡಿನ್ ಪ್ಲಾಟಿನಮ್‌ಗಿಂತ ಹಗುರ, ಆದರೂ ಅದರ ಅಂಕಿ ಜಾಸ್ತಿ ಅಲ್ವಾ? ನಮ್ಮಂಥ ಕಡಿಮೆ ಬಜೆಟ್ಟಿನವರಿಗೆ ಇದು ಬಹಳ ಅನುಕೂಲ. ಪ್ಲಾಟಿನಮ್ ಕೊಳ್ಳುವ ಮೊದಲು ಅಯೋಡಿನ್‌ನಲ್ಲೇ ಪಾಠ ಕಲಿಯಬಹುದು.

ಹೆಜ್ಜೆ 1: ಬಣ್ಣಗಳನ್ನು ಹೊಂದಿಸಿಕೊಳ್ಳಿ

ಒಂದೇ ಚೌಕಟ್ಟಿನ ಮೂರು ಬಣ್ಣ ತೆಗೆದುಕೊಳ್ಳಿ: ಫ್ಲೋರೆಸೀನ್, ಇಯೋಸಿನ್ ವೈ, ಎರಿಥ್ರೋಸಿನ್ ಬಿ. ಫ್ಲೋರೆಸೀನ್‌ನಲ್ಲಿ ಭಾರದ ಪರಮಾಣು ಇಲ್ಲ. ಅದೇ ಅಣುವಿಗೆ ನಾಲ್ಕು ಬ್ರೋಮಿನ್ ಸೇರಿಸಿದರೆ ಇಯೋಸಿನ್, ನಾಲ್ಕು ಅಯೋಡಿನ್ ಸೇರಿಸಿದರೆ ಎರಿಥ್ರೋಸಿನ್. ಇಯೋಸಿನ್ ಜೀವಶಾಸ್ತ್ರ ವಿಭಾಗದ ಕಪಾಟಿನಲ್ಲಿ ಸ್ಲೈಡ್‌ಗೆ ಬಣ್ಣ ಹಾಕಲು ಇದ್ದೇ ಇರುತ್ತದೆ. ಎರಿಥ್ರೋಸಿನ್ ನಮ್ಮ ದೇಶದಲ್ಲಿ ಆಹಾರಕ್ಕೆ ಒಪ್ಪಿಗೆ ಇರುವ ಕೆಂಪು ಬಣ್ಣಗಳಲ್ಲಿ ಒಂದು. ಆದರೆ ತಿಂಡಿ ಅಂಗಡಿಯ ಪುಡಿ ಬೇಡ, ಅದರಲ್ಲಿ ಉಪ್ಪು ಬೆರೆಸಿರುತ್ತಾರೆ. ಲ್ಯಾಬ್ ದರ್ಜೆಯದ್ದೇ ತರಿಸಿ.

ಅಣುಗಳ ತೂಕ ಬೇರೆ ಬೇರೆ. ಹಾಗಾಗಿ ಸಮಾನ ಗ್ರಾಂ ತೂಗಿದರೆ ಹೋಲಿಕೆ ಕೆಡುತ್ತದೆ. 100 ಮಿಲಿಲೀಟರಿಗೆ ಫ್ಲೋರೆಸೀನ್ ಡೈಸೋಡಿಯಮ್ 3.8 ಮಿಲಿಗ್ರಾಂ, ಇಯೋಸಿನ್ 6.9, ಎರಿಥ್ರೋಸಿನ್ 8.8 ಮಿಲಿಗ್ರಾಂ ಹಾಕಿದರೆ ಮೂರೂ 10⁻⁴ ಮೋಲಾರ್ ಆಗುತ್ತವೆ. ಕರಗಿಸಲು 0.01 ಮೋಲಾರ್ ಸೋಡಿಯಮ್ ಹೈಡ್ರಾಕ್ಸೈಡ್ ಬಳಸಿ, ಎಂದರೆ ಲೀಟರಿಗೆ 0.4 ಗ್ರಾಂ. ಕ್ಷಾರ ಇಲ್ಲದಿದ್ದರೆ ಫ್ಲೋರೆಸೀನ್ ಬೇರೆ ರೂಪ ತಾಳಿ ಮಂಕಾಗುತ್ತದೆ. ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ನೀರೇ ಇರಲಿ.

ಹೆಜ್ಜೆ 2: ಕತ್ತಲಲ್ಲಿ ನೋಡಿ

ಸ್ಟಾಕ್ ದ್ರಾವಣವನ್ನು ಹತ್ತು ಪಟ್ಟು ತೆಳುಮಾಡಿ ಮೂರು ಬೀಕರ್‌ಗೆ ಹಾಕಿ. ಕಿಟಕಿ ಮುಚ್ಚಿ. ನೀಲಿ ಎಲ್‌ಇಡಿ ಟಾರ್ಚ್ ಹಿಡಿಯಿರಿ. ಫ್ಲೋರೆಸೀನ್ ಹಸಿರಾಗಿ ಉರಿಯುವಂತೆ ಕಾಣುತ್ತದೆ. ಇಯೋಸಿನ್ ಮಧ್ಯಮ. ಎರಿಥ್ರೋಸಿನ್ ಬಹುತೇಕ ಮಂಕು.

ನೀರಿನಲ್ಲಿ ಫ್ಲೋರೆಸೀನ್ ನುಂಗಿದ 100 ಫೋಟಾನ್‌ಗಳಲ್ಲಿ 90ಕ್ಕಿಂತ ಹೆಚ್ಚು ಫ್ಲೋರೆಸೆನ್ಸ್ ಆಗಿ ಮರಳುತ್ತವೆ. ಇಯೋಸಿನ್‌ನಲ್ಲಿ ಸುಮಾರು 20. ಎರಿಥ್ರೋಸಿನ್‌ನಲ್ಲಿ 2ರ ಆಸುಪಾಸು. ಸಿಂಗ್ಲೆಟ್ ಆಯುಸ್ಸು ಫ್ಲೋರೆಸೀನ್‌ಗೆ ಸುಮಾರು 4 ನ್ಯಾನೋಸೆಕೆಂಡ್, ಎರಿಥ್ರೋಸಿನ್‌ಗೆ 100 ಪಿಕೋಸೆಕೆಂಡಿನ ಹತ್ತಿರ. ಫ್ಲೋರೆಸೀನ್‌ನಲ್ಲಿ ಟ್ರಿಪ್ಲೆಟ್‌ಗೆ ಹೋಗುವುದು ನೂರಕ್ಕೆ ಮೂರರಷ್ಟು. ಅದನ್ನು 4 ನ್ಯಾನೋಸೆಕೆಂಡಿನಿಂದ ಭಾಗಿಸಿ, ದಾಟುವ ವೇಗ ಸೆಕೆಂಡಿಗೆ 10⁷ರ ಒಳಗೆ ಬರುತ್ತದೆ. ಎರಿಥ್ರೋಸಿನ್‌ನಲ್ಲಿ ಬಹುಪಾಲು ಅಣುಗಳು ಟ್ರಿಪ್ಲೆಟ್‌ಗೆ ಹೋಗುತ್ತವೆ, ಲೆಕ್ಕ 10¹⁰ರ ಹತ್ತಿರ ಹೋಗುತ್ತದೆ. ನಾಲ್ಕು ಅಯೋಡಿನ್‌ಗೆ ವೇಗ ಸಾವಿರ ಪಟ್ಟಿನ ಆಸುಪಾಸು ಏರಿತು. ಈ ಲೆಕ್ಕವನ್ನು ನೀವೇ ಕಾಗದದ ಮೇಲೆ ಮಾಡಿ. ಓದಿದ್ದಕ್ಕಿಂತ ಮಾಡಿದ್ದು ನೆನಪಿರುತ್ತದೆ.

ಫ್ಲೋರಿಮೀಟರ್ ಇದ್ದರೆ ಒಂದು ಎಚ್ಚರಿಕೆ. ಮೂರು ಬಣ್ಣ ಬೆಳಕು ನುಂಗುವ ತರಂಗಾಂತರ ಬೇರೆ. ಫ್ಲೋರೆಸೀನ್ 490 ನ್ಯಾನೋಮೀಟರ್, ಇಯೋಸಿನ್ 517, ಎರಿಥ್ರೋಸಿನ್ 526ರ ಹತ್ತಿರ. ಎಲ್ಲಕ್ಕೂ 490 ಕೊಡಿ. ಆದರೆ ಮೊದಲು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಮೂರರ ಅಬ್ಸಾರ್ಬೆನ್ಸ್ (ಬೆಳಕು ನುಂಗುವ ಅಳತೆ) 490ರಲ್ಲಿ 0.05 ಬರುವಂತೆ ತೆಳುಮಾಡಿಕೊಳ್ಳಿ. ಈ ಒಂದು ಕೆಲಸ ಬಿಟ್ಟರೆ ನುಂಗಿದ ಬೆಳಕೇ ಸಮ ಇರುವುದಿಲ್ಲ, ಮುಂದಿನ ಹೋಲಿಕೆಗೆ ಬೆಲೆಯಿಲ್ಲ.

ಹೆಜ್ಜೆ 3: ಹೊರಗಿನಿಂದ ಭಾರ ತನ್ನಿ

ಭಾರದ ಪರಮಾಣು ಅಣುವಿಗೆ ಅಂಟಿಕೊಂಡೇ ಇರಬೇಕೆಂದಿಲ್ಲ. ಪಕ್ಕಕ್ಕೆ ಬಂದು ತಾಗಿದರೂ ಸಾಕು. 1952ರಲ್ಲಿ ರಸಾಯನ ವಿಜ್ಞಾನಿ ಮೈಕೆಲ್ ಕಾಶಾ ತೋರಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಕ್ಲೋರೋನ್ಯಾಫ್ಥಲೀನ್‌ಗೆ ಬಣ್ಣವಿಲ್ಲ, ಈಥೈಲ್ ಅಯೋಡೈಡ್‌ಗೂ ಬಣ್ಣವಿಲ್ಲ. ಎರಡನ್ನೂ ಬೆರೆಸಿದರೆ ಹಳದಿ! ಅಯೋಡಿನ್ ಸಮೀಪ ಬಂದಾಗ, ಸಾಮಾನ್ಯವಾಗಿ ನಡೆಯದ ಸಿಂಗ್ಲೆಟ್-ಟ್ರಿಪ್ಲೆಟ್ ಹೀರುವಿಕೆ ಸ್ವಲ್ಪ ನಡೆಯುತ್ತದೆ ಎಂದು ಅವರು ಇದನ್ನು ವಿವರಿಸಿದರು. ಈಥೈಲ್ ಅಯೋಡೈಡ್ ವಿಷಕಾರಿ. ನಾವು ಪೊಟ್ಯಾಸಿಯಮ್ ಅಯೋಡೈಡ್‌ನಲ್ಲೇ ಕೆಲಸ ಮಾಡೋಣ.

ಎರಡು ಉಪ್ಪಿನ ದ್ರಾವಣ ಬೇಕು, ಎರಡೂ 1 ಮೋಲಾರ್. 100 ಮಿಲಿಲೀಟರಿಗೆ ಪೊಟ್ಯಾಸಿಯಮ್ ಅಯೋಡೈಡ್ 16.6 ಗ್ರಾಂ, ಪೊಟ್ಯಾಸಿಯಮ್ ಕ್ಲೋರೈಡ್ 7.46 ಗ್ರಾಂ. ಆರು ಟೆಸ್ಟ್ ಟ್ಯೂಬ್ ಇಡಿ. ಪ್ರತಿಯೊಂದಕ್ಕೂ 10⁻⁵ ಮೋಲಾರ್ ಫ್ಲೋರೆಸೀನ್ 1 ಮಿಲಿಲೀಟರ್ ಹಾಕಿ. ಅಯೋಡೈಡ್ 0, 1, 2, 3, 4, 5 ಮಿಲಿಲೀಟರ್ ಹಾಕುತ್ತ ಹೋಗಿ. ಅಯೋಡೈಡ್ ಎಷ್ಟು ಕಡಿಮೆಯೋ ಅಷ್ಟು ಕ್ಲೋರೈಡ್ ಹಾಕಿ ಉಪ್ಪಿನ ಒಟ್ಟು ಅಳತೆ 5 ಮಿಲಿಲೀಟರ್ ಮಾಡಿ. ಉಳಿದದ್ದು ಅದೇ 0.01 ಮೋಲಾರ್ ಕ್ಷಾರ, ಒಟ್ಟು 10 ಮಿಲಿಲೀಟರ್. ಕ್ಲೋರೈಡ್ ಸುಮ್ನೆ ಅಲ್ಲ. ಎಲ್ಲ ಟ್ಯೂಬಿನಲ್ಲೂ ಅಯಾನುಗಳ ಸಾಂದ್ರತೆ ಒಂದೇ ಇರಲಿ ಎಂದು.

ಅಯೋಡೈಡ್ ದ್ರಾವಣವನ್ನು ಅವತ್ತೇ ಮಾಡಿ. ಅದಕ್ಕೆ 10⁻⁴ ಮೋಲಾರ್ ಆಗುವಷ್ಟು ಸೋಡಿಯಮ್ ಥಯೋಸಲ್ಫೇಟ್ ಸೇರಿಸಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ವಿದ್ಯಾರ್ಥಿಯಾಗಿದ್ದಾಗ ಕ್ವಿನೀನ್ ಸಲ್ಫೇಟ್ ಎಂಬ ಇನ್ನೊಂದು ಹೊಳೆಯುವ ವಸ್ತುವಿನ ಮೇಲೆ ಇದೇ ಪ್ರಯೋಗ ಮಾಡಿದ್ದೆ. ಬಾಟಲಿಯಲ್ಲಿದ್ದ ಅಯೋಡೈಡ್ ದ್ರಾವಣ ವಾರಗಳ ಹಿಂದಿನದು, ಸ್ವಲ್ಪ ಹಳದಿಯಾಗಿತ್ತು. ಗ್ರಾಫ್ ನೋಡಲು ಚೆಂದ ಬಂತು. ನಾನು ಹಿಗ್ಗಿದೆ. ಆಮೇಲೆ ಗೊತ್ತಾಯಿತು: ಗಾಳಿಯ ಆಕ್ಸಿಜನ್‌ನಿಂದ ಹುಟ್ಟಿದ ಟ್ರೈಅಯೋಡೈಡ್ 350 ನ್ಯಾನೋಮೀಟರ್ ಸುತ್ತ ಬೆಳಕನ್ನು ಬಾಚಿ ನುಂಗುತ್ತದೆ. ನನ್ನ ದೀಪದ ಬೆಳಕು ಕ್ವಿನೀನ್ ತಲುಪುವ ಮೊದಲೇ ಮುಗಿದಿತ್ತು. ಪೂರ್ತಿ ವಾರದ ಕೆಲಸ ಹೋಯಿತು.

ಕ್ವಿನೀನ್ ಬಗ್ಗೆ ಇನ್ನೊಂದು ಮಾತು. ಅದರ ಬೆಳಕನ್ನು ಕ್ಲೋರೈಡ್ ಕೂಡ ಜೋರಾಗಿ ತಗ್ಗಿಸುತ್ತದೆ. 19ನೇ ಶತಮಾನದಲ್ಲೇ ಸ್ಟೋಕ್ಸ್ ಇದನ್ನು ಗಮನಿಸಿದ್ದರು. ಕ್ಲೋರಿನ್ ಅಷ್ಟೇನೂ ಭಾರವಲ್ಲ. ಅಂದರೆ ಅಲ್ಲಿ ಎಲೆಕ್ಟ್ರಾನ್ ಕೊಡು-ಕೊಳ್ಳುವಿಕೆಯ ಕೈ ಇದೆ. ನೀರಿನಲ್ಲಿ ಅಯೋಡೈಡ್ ಕೂಡ ಎಲೆಕ್ಟ್ರಾನ್ ಕೊಡಬಲ್ಲದು. ಅದಕ್ಕೇ ಈ ಹೆಜ್ಜೆಯನ್ನು ಸಾಬೀತು ಎಂದು ಕರೆಯಬೇಡಿ. ಇದು ಸುಳಿವು.

ಅಳೆದ ಮೇಲೆ ಮೊದಲ ಟ್ಯೂಬಿನ ಬೆಳಕನ್ನು ಉಳಿದವುಗಳ ಬೆಳಕಿನಿಂದ ಭಾಗಿಸಿ, ಅಯೋಡೈಡ್ ಸಾಂದ್ರತೆಯ ಎದುರು ಗ್ರಾಫ್ ಹಾಕಿ. ಇದು 1919ರ ಸ್ಟರ್ನ್-ವೋಲ್ಮರ್ ವಿಧಾನ. ನೇರ ಗೆರೆ ಬಂದರೆ ಇಳಿಜಾರನ್ನು ಆಯುಸ್ಸಿನಿಂದ ಭಾಗಿಸಿ. ಉದಾಹರಣೆಗೆ ಇಳಿಜಾರು 8 ಎಂದು ಇಟ್ಟುಕೊಳ್ಳಿ, ಆಯುಸ್ಸು 4 ನ್ಯಾನೋಸೆಕೆಂಡ್. ಆಗ ತಣಿಸುವ, ಅಂದರೆ ಬೆಳಕನ್ನು ನಂದಿಸುವ, ವೇಗ 2 × 10⁹ (ಪ್ರತಿ ಮೋಲಾರ್‌ಗೆ, ಪ್ರತಿ ಸೆಕೆಂಡಿಗೆ). ನೀರಿನಲ್ಲಿ ಎರಡು ಕಣಗಳು ಭೇಟಿಯಾಗುವ ಗರಿಷ್ಠ ವೇಗ 10¹⁰ರ ಮಟ್ಟದ್ದು. ನಿಮ್ಮ ಉತ್ತರ ಅದನ್ನು ಬಹಳ ಮೀರಿದರೆ, ತಾಗಿ ತಣಿಸುವುದಲ್ಲದೆ ಬೇರೇನೋ ನಡೆಯುತ್ತಿದೆ. ಬಣ್ಣವೂ ಉಪ್ಪೂ ಮೊದಲೇ ಅಂಟಿಕೊಂಡಿರಬಹುದು, ಅಥವಾ ನನ್ನ ಹಳದಿ ಬಾಟಲಿಯ ಕಥೆಯೇ ಮತ್ತೆ ನಡೆದಿರಬಹುದು.

ಹೆಜ್ಜೆ 4: ಟ್ರಿಪ್ಲೆಟ್ ಹಿಡಿಯಿರಿ

ಇಲ್ಲಿ ಆತುರ ಬೇಡ. ಈ ಹೆಜ್ಜೆಯೇ ಇಡೀ ಕೆಲಸದ ಜೀವಾಳ.

ಮೊದಲು ಭಾರ ಇಲ್ಲದ ಟ್ರಿಪ್ಲೆಟ್ ಎಷ್ಟು ಹೊತ್ತು ಬಾಳುತ್ತದೆ ಎಂದು ಕಣ್ಣಾರೆ ನೋಡಿ. ಬೋರಿಕ್ ಆಸಿಡ್ ತೆಗೆದುಕೊಳ್ಳಿ. ಕೇರಂ ಬೋರ್ಡಿಗೆ ಹಾಕುವ ಪುಡಿಯೂ ಸಾಮಾನ್ಯವಾಗಿ ಇದೇ, ಆದರೆ ಶುದ್ಧವಾದದ್ದು ಒಳ್ಳೆಯದು. 5 ಗ್ರಾಂಗೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಫ್ಲೋರೆಸೀನ್, ಎರಡು ಹನಿ ನೀರು. ಟೆಸ್ಟ್ ಟ್ಯೂಬಿನಲ್ಲಿ ಸ್ಪಿರಿಟ್ ಲ್ಯಾಂಪ್ ಮೇಲೆ ನಿಧಾನಕ್ಕೆ ಕಾಯಿಸಿ. ಮೊದಲು ನೊರೆ ಬರುತ್ತದೆ, ನೀರು ಹೋಗುತ್ತದೆ, ಆಮೇಲೆ ಕರಗಿ ಜೇನಿನಂತೆ ಆಗುತ್ತದೆ. ಟ್ಯೂಬ್ ಹೊರಳಿಸುತ್ತ ಒಳಗೋಡೆಗೆ ಹರಡಿ, ಆರಲು ಬಿಡಿ. ಕತ್ತಲಲ್ಲಿ ಬೆಳಕು ಹಾಕಿ ಆರಿಸಿ. ದೀಪ ಆರಿದ ಮೇಲೂ ಕೆಲವು ಸೆಕೆಂಡು ಗಾಜು ಮಿನುಗುತ್ತದೆ. 1940ರ ದಶಕದ ಮೊದಲಲ್ಲಿ ಗಿಲ್ಬರ್ಟ್ ಲೂಯಿಸ್ ಮತ್ತು ಸಂಗಡಿಗರು ಇದೇ ಫ್ಲೋರೆಸೀನ್, ಇದೇ ಬೋರಿಕ್ ಆಸಿಡ್ ಹಿಡಿದು ಈ ಹೊಳಪಿನ ಬೆನ್ನು ಹತ್ತಿದ್ದರು. 1944ರಲ್ಲಿ ಲೂಯಿಸ್ ಮತ್ತು ಕಾಶಾ ಇಂಥ ಹೊಳಪನ್ನು ಟ್ರಿಪ್ಲೆಟ್ ಎಂದು ಗುರುತಿಸಿದರು. ನನ್ನ ತರಗತಿಯಲ್ಲಿ ಈ ಮಿನುಗು ಕಂಡ ಕ್ಷಣ ಎಲ್ಲರೂ ಒಮ್ಮೆಗೇ ಸುಮ್ಮನಾಗುತ್ತಾರೆ. ಬೋರಿಕ್ ಆಸಿಡ್ ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಬೇಡಿ, ಮಾಸ್ಕ್ ಇರಲಿ.

ಈಗ ಭಾರ ಇರುವ ಬಣ್ಣ. ಎರಿಥ್ರೋಸಿನ್‌ಗೆ ಸಕ್ಕರೆ ಗಾಜು ಚೆನ್ನಾಗಿ ಹೊಂದುತ್ತದೆ. ಗೌರಿ ಹುಣ್ಣಿಮೆಗೆ ನಮ್ಮ ಕಡೆ ಮನೆಮನೆಯಲ್ಲಿ ಸಕ್ಕರೆ ಆರತಿ ಮಾಡುತ್ತಾರಲ್ಲ, ಪಾಕ ಹಿಡಿಯುವುದು ಗೊತ್ತಿರುವವರನ್ನು ಜೊತೆಗೆ ಕರೆದುಕೊಳ್ಳಿ. ಒಂದೇ ವ್ಯತ್ಯಾಸ. ಆರತಿಯ ಪಾಕವನ್ನು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡುತ್ತಾರೆ, ಅಂದರೆ ಹರಳುಗಟ್ಟಿಸುತ್ತಾರೆ. ನಮಗೆ ಹರಳು ಬೇಡ, ಲಾಲಿಪಾಪ್‌ನಂಥ ಪಾರದರ್ಶಕ ಗಟ್ಟಿ ಬೇಕು. ಹಾಗಾಗಿ ಸ್ವಲ್ಪ ಗ್ಲೂಕೋಸ್ ಪುಡಿ ಬೆರೆಸಿ, ಕದಡದೆ ಕಾಯಿಸಿ. ತಣ್ಣೀರಿಗೆ ಬಿಟ್ಟ ಹನಿ ಟಕ್ಕೆಂದು ಮುರಿಯುವ ಹದಕ್ಕೆ ಇಳಿಸಿ. ಕಂದಾದರೆ ಎಸೆಯಿರಿ, ಸುಟ್ಟ ಸಕ್ಕರೆಗೆ ತನ್ನದೇ ಹೊಳಪಿದೆ. ಇಳಿಸಿದ ಮೇಲೆ ಎರಿಥ್ರೋಸಿನ್ ಒಂದೆರಡು ಹನಿ ಬೆರೆಸಿ ಗಾಜಿನ ಸ್ಲೈಡ್ ಮೇಲೆ ಹರಡಿ. ಲ್ಯಾಬ್ ಪಾತ್ರೆಯಲ್ಲಿ ಮಾಡಿದ್ದನ್ನು ಯಾರೂ ತಿನ್ನಬಾರದು.

ದೀಪ ಆರಿಸಿದರೆ ಇಲ್ಲಿ ಏನೂ ಕಾಣುವುದಿಲ್ಲ. ಇದರ ಟ್ರಿಪ್ಲೆಟ್ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಬಾಳುತ್ತದೆ, ಕಣ್ಣಿಗೆ ಅಷ್ಟು ವೇಗ ಇಲ್ಲ. ಹೊರಹೋಗುವ ಪಾಯಿಂಟ್ಸ್ ಕೂಡ ಸಲೀಸಾಯಿತು ಎಂದೆನಲ್ಲ, ಅದೇ ಇದು. ಕಡು ಕೆಂಪಿನ ಆ ಬೆಳಕನ್ನು ಹಿಡಿಯಲು ಫಾಸ್ಫೊರೋಸ್ಕೋಪ್ ಬೇಕು. 1858ರ ಸುಮಾರಿಗೆ ಎಡ್ಮಂಡ್ ಬೆಕೆರೆಲ್ ಮಾಡಿದ ಉಪಾಯವೇ ಈಗಲೂ ನಡೆಯುತ್ತದೆ. ಒಂದು ಮೋಟರಿಗೆ ಕಂಡಿಗಳಿರುವ ರಟ್ಟಿನ ಚಕ್ರ. ದೀಪದ ಕಂಡಿ ತೆರೆದಾಗ ಕಣ್ಣಿನ ಕಂಡಿ ಮುಚ್ಚಿರಬೇಕು, ಕಣ್ಣಿನದು ತೆರೆದಾಗ ದೀಪದ್ದು ಮುಚ್ಚಿರಬೇಕು. ಸೆಕೆಂಡಿಗೆ 50 ಸುತ್ತು, ಒಂದೊಂದೇ ಕಂಡಿ ಆದರೆ ನಡುವಿನ ತಡ 10 ಮಿಲಿಸೆಕೆಂಡ್. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎರಡೂ ಕಡೆ 20 ಕಂಡಿ ಕೊರೆದರೆ ತಡ ಅರ್ಧ ಮಿಲಿಸೆಕೆಂಡಿಗೆ ಇಳಿಯುತ್ತದೆ. ಆಗ ನೋಡಲು ಸಾಕಷ್ಟು ಉಳಿದಿರುತ್ತದೆ. ಪಲ್ಸ್ ದೀಪದ ಫ್ಲೋರಿಮೀಟರ್ ಇರುವವರು ಅದರ ಫಾಸ್ಫೊರೆಸೆನ್ಸ್ ಮೋಡ್ ಬಳಸಿ, ರಟ್ಟು ಕೊರೆಯುವ ಕೆಲಸ ತಪ್ಪುತ್ತದೆ.

ಧಾರವಾಡದವರಿಗೆ ಒಂದು ಮಾತು: ಇದನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಮಾಡಬೇಡಿ. ನಮ್ಮ ಜಿಟಿಜಿಟಿ ಮಳೆಯ ತೇವಕ್ಕೆ ಸಕ್ಕರೆ ಗಾಜು ಗಂಟೆಯೊಳಗೆ ಅಂಟಂಟಾಗುತ್ತದೆ. ಮೆತ್ತಗಾದರೆ ಅಣುಗಳು ಅಲುಗಾಡುತ್ತವೆ, ಆಕ್ಸಿಜನ್ ಒಳನುಗ್ಗುತ್ತದೆ, ಟ್ರಿಪ್ಲೆಟ್ ಸಾಯುತ್ತದೆ. ಅನಿವಾರ್ಯವಾದರೆ ಸಿಲಿಕಾ ಜೆಲ್ ಇಟ್ಟ ಡೆಸಿಕೇಟರ್‌ನಿಂದ ಆಗಷ್ಟೇ ತೆಗೆದು ನೋಡಿ. ಫೆಬ್ರುವರಿ, ಮಾರ್ಚ್ ಒಣಹವೆಯಲ್ಲಿ ಈ ತಾಪತ್ರಯ ಇಲ್ಲ.

ಎಂ.ಎಸ್ಸಿ. ಲ್ಯಾಬಿನವರಿಗೆ ಇನ್ನೊಂದು ಸಾಕ್ಷಿ ಇದೆ. ಟ್ರಿಪ್ಲೆಟ್ ತನ್ನ ಶಕ್ತಿಯನ್ನು ಆಕ್ಸಿಜನ್‌ಗೆ ಕೊಟ್ಟು ಸಿಂಗ್ಲೆಟ್ ಆಕ್ಸಿಜನ್ ಮಾಡುತ್ತದೆ. ಡೈಫಿನೈಲ್‌ಐಸೋಬೆಂಜೋಫ್ಯೂರಾನ್ ಎಂಬ ಹಳದಿ ವಸ್ತು ಅದನ್ನು ಹಿಡಿದು ಬಣ್ಣ ಕಳೆದುಕೊಳ್ಳುತ್ತದೆ. ಎಥನಾಲ್‌ನಲ್ಲಿ ಬಣ್ಣಗಳನ್ನು ಬೆರೆಸಿ, 490ರ ಸುತ್ತಿನ ಬೆಳಕು ಕೊಟ್ಟು, 410 ನ್ಯಾನೋಮೀಟರ್‌ನಲ್ಲಿ ಹಳದಿ ಇಳಿಯುವ ವೇಗ ನೋಡಿ. ಇಲ್ಲೂ ಹೀರುವಿಕೆ ಸಮ ಮಾಡಿಕೊಂಡಿರಬೇಕು. ನೀರಿನಲ್ಲಿ ಸಿಂಗ್ಲೆಟ್ ಆಕ್ಸಿಜನ್ ಇಳುವರಿ ಫ್ಲೋರೆಸೀನ್‌ಗೆ ಸುಮಾರು 0.03, ಇಯೋಸಿನ್‌ಗೆ 0.57. ನಿಮ್ಮ ಕ್ಯುವೆಟ್‌ನಲ್ಲೂ ಹಳದಿ ಇದೇ ಕ್ರಮದಲ್ಲಿ ಮಾಯವಾಗಬೇಕು. ಹೆಜ್ಜೆ 2ರಲ್ಲಿ ಕಳೆದುಹೋದ ಬೆಳಕಿನ ವಿಳಾಸ ಸಿಕ್ಕಿತು.

ಹೆಜ್ಜೆ 5: ಲೋಹಕ್ಕೆ ಬನ್ನಿ

ಲೋಹದ ಅಣು ಆರಿಸುವಾಗ ಪಟ್ಟಿಯಲ್ಲಿ ತೂಕ ನೋಡಿ ಓಡಬೇಡಿ. ನಡುವೆ ಲೋಹ ಹಿಡಿಯಬಲ್ಲ ಪೋರ್ಫಿರಿನ್ ಎಂಬ ಉಂಗುರದಂಥ ಸಾವಯವ ಅಣುವನ್ನೇ ನೋಡಿ. ನಡುವೆ ಜಿಂಕ್ ಇದ್ದರೆ ಸ್ವಲ್ಪ ಫ್ಲೋರೆಸೆನ್ಸ್ ಉಳಿಯುತ್ತದೆ. ಪಲ್ಲಾಡಿಯಮ್, ಪ್ಲಾಟಿನಮ್ ಇದ್ದರೆ ಬಹುತೇಕ ಎಲ್ಲವೂ ಟ್ರಿಪ್ಲೆಟ್‌ಗೆ ಹೋಗುತ್ತದೆ. ಪ್ಲಾಟಿನಮ್‌ನ ಟ್ರಿಪ್ಲೆಟ್ ಪಲ್ಲಾಡಿಯಮ್‌ನದಕ್ಕಿಂತ ಬೇಗ ಇಳಿಯುತ್ತದೆ, ಭಾರ ಜಾಸ್ತಿ ಎಂಬ ಕಾರಣಕ್ಕೇ. ಆದರೆ ತಾಮ್ರ ಹಾಕಿ ನೋಡಿ. ಜಿಂಕ್‌ಗಿಂತ ಹಗುರವಾದ ತಾಮ್ರ ಫ್ಲೋರೆಸೆನ್ಸನ್ನು ಪೂರ್ತಿ ಅಳಿಸುತ್ತದೆ. ಅದರಲ್ಲಿ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇದೆ, ಕೆಲಸ ಅದರದು. ರೆಕಾರ್ಡಿನಲ್ಲಿ ಇದನ್ನೂ ಹೆವಿ ಆಟಮ್ ಎಂದು ಬರೆದವರಿದ್ದಾರೆ.

ಜಾಗವೂ ಮುಖ್ಯ. ಪ್ಲಾಟಿನಮ್ ನಡುನಡುವೆ ಇರುವ ಉದ್ದನೆ ಅಸಿಟಿಲೀನ್ ಸರಪಳಿಗಳಲ್ಲಿ ಎರಡು ಲೋಹಗಳ ನಡುವಿನ ಸಾವಯವ ತುಂಡನ್ನು ಉದ್ದ ಮಾಡುತ್ತ ಹೋದರೆ, ಟ್ರಿಪ್ಲೆಟ್ ಆ ತುಂಡಿನ ಮೇಲೇ ಕೂರುತ್ತದೆ. ಲೋಹ ದೂರದಿಂದ ನೋಡುತ್ತದೆ, ಪ್ರಭಾವ ತಗ್ಗುತ್ತದೆ. ಜೊತೆಗೆ ಟ್ರಿಪ್ಲೆಟ್ ಶಕ್ತಿಯೂ ಇಳಿಯುತ್ತದೆ. ಶಕ್ತಿ ಕಡಿಮೆಯಾದಷ್ಟೂ ಅದು ಬೆಳಕಾಗದೆ ಬಿಸಿಯಾಗಿ ಕರಗುವುದು ಹೆಚ್ಚು. ಬೆಂಜೋಫಿನೋನ್‌ನಂಥ ಕೆಲವು ಅಣುಗಳು ಭಾರವೇ ಇಲ್ಲದೆ ಬಹುತೇಕ ಪೂರ್ತಿ ಟ್ರಿಪ್ಲೆಟ್‌ಗೆ ದಾಟುತ್ತವೆ. ಅಲ್ಲಿ ಆರ್ಬಿಟಲ್‌ನ ಬಗೆ ಬದಲಾಗುವುದೇ ಸ್ಪಿನ್ ತಿರುಗಲು ನೆರವಾಗುತ್ತದೆ.

ಈ ಲೆಕ್ಕಗಳನ್ನೆಲ್ಲ ಸರಿಹೊಂದಿಸಿದ ಅಣು ಇರಿಡಿಯಮ್‌ನದು. ಮೂರು ಫಿನೈಲ್‌ಪಿರಿಡಿನ್ ಹಿಡಿದಿರುವ ಇರಿಡಿಯಮ್ ಹಸಿರು ಬೆಳಕು ಕೊಡುತ್ತದೆ, ಆಯುಸ್ಸು ಒಂದೆರಡು ಮೈಕ್ರೋಸೆಕೆಂಡ್ ಅಷ್ಟೇ. ಇಲ್ಲಿ ಲೋಹದ ಆರ್ಬಿಟಲ್ ಬೆಳಕಿನ ಕೆಲಸದಲ್ಲಿ ನೇರ ಪಾಲುದಾರ. ಮೊಬೈಲ್ ಪರದೆಯ ಒಎಲ್‌ಇಡಿಯಲ್ಲಿ (ಸಾವಯವ ಪದರದಿಂದ ಬೆಳಕು ಕೊಡುವ ಎಲ್‌ಇಡಿ) ವಿದ್ಯುತ್ತಿನಿಂದ ಹುಟ್ಟುವ ಸ್ಥಿತಿಗಳಲ್ಲಿ ನಾಲ್ಕರಲ್ಲಿ ಮೂರು ಟ್ರಿಪ್ಲೆಟ್. ಬರೀ ಸಾವಯವ ಬಣ್ಣದಲ್ಲಿ ಅವು ಸಾಮಾನ್ಯವಾಗಿ ವ್ಯರ್ಥ. 1998ರಲ್ಲಿ ಪ್ಲಾಟಿನಮ್ ಪೋರ್ಫಿರಿನ್, 1999ರಲ್ಲಿ ಇರಿಡಿಯಮ್ ಬಳಸಿ ಅವನ್ನೂ ಬೆಳಕಾಗಿ ತೆಗೆದರು.

ಪಾದರಸ, ಥ್ಯಾಲಿಯಮ್, ಸೀಸದ ಉಪ್ಪುಗಳನ್ನು ಈ ಪ್ರಯೋಗಕ್ಕೆ ತರಲೇಬೇಡಿ. ಹಳೆಯ ವಿಧಾನಗಳಲ್ಲಿ ಅವು ಇವೆ, ಆದರೆ ಅಯೋಡೈಡ್ ಕಲಿಸುವುದಕ್ಕಿಂತ ಹೊಸದೇನನ್ನೂ ಅವು ಕಲಿಸುವುದಿಲ್ಲ. ವಿಷ ಮಾತ್ರ ಉಳಿಯುತ್ತದೆ. ವಿಭಾಗದಲ್ಲಿ ಸ್ವಲ್ಪ ದುಡ್ಡು ಇದ್ದರೆ ಪ್ಲಾಟಿನಮ್ ಆಕ್ಟಾಈಥೈಲ್‌ಪೋರ್ಫಿರಿನ್ ತರಿಸಿ. ಒಂದು ಮಿಲಿಗ್ರಾಂ ಹಲವು ಬ್ಯಾಚ್‌ಗೆ ಸಾಕು. ಟೊಲುಯೀನ್‌ನಲ್ಲಿ ತೆಳ್ಳಗೆ ಕರಗಿಸಿ, ಸಣ್ಣ ಬಾಟಲಿಗೆ ರಬ್ಬರ್ ಮುಚ್ಚಳ ಹಾಕಿ. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿಯಿರಿ, ಕಣ್ಣಿಗೆ ಕನ್ನಡಕ ಇರಲಿ. ಬಹಳ ಮಂಕು. ಈಗ ಫ್ಯೂಮ್ ಹುಡ್ ಒಳಗೆ, ಸೂಜಿಯ ಮೂಲಕ ಹದಿನೈದು ನಿಮಿಷ ನೈಟ್ರೋಜನ್ ಗುಳ್ಳೆ ಬಿಡಿ. ಆಕ್ಸಿಜನ್ ಹೊರಹೋದಂತೆ ದ್ರಾವಣ ಕೆಂಪಾಗಿ ಬೆಳಗುತ್ತ ಬರುತ್ತದೆ. ಮುಚ್ಚಳ ತೆಗೆದು ಒಮ್ಮೆ ಕುಲುಕಿ, ಕೆಂಪು ಆರುತ್ತದೆ. ಮತ್ತೆ ನೈಟ್ರೋಜನ್ ಬಿಡಿ, ಮರಳಿ ಬರುತ್ತದೆ. ಕೆಂಪು ಬಂದ ಹೊತ್ತನ್ನೂ ಹೋದ ಹೊತ್ತನ್ನೂ ರೆಕಾರ್ಡಿನಲ್ಲಿ ಬರೆದುಕೊಳ್ಳಿ, ಆಮೇಲೆ 'ಆದ್ದರಿಂದ' ಎಂದು ಬರೆಯಿರಿ.